ಗಂಭೀರ ಮುಖದ ತಮಾಷೆ: 'ಕಿಮೋನೋ ಮೈ ಹೌಸ್' ಇಂದಿಗೂ ಕೇಳುಗರನ್ನು ಸೆಳೆಯುವುದೇಕೆ?

1974ರ ಮೇ ತಿಂಗಳಲ್ಲಿ ಬಿಬಿಸಿಯ 'ಟಾಪ್ ಆಫ್ ದ ಪಾಪ್ಸ್' ಕಾರ್ಯಕ್ರಮ ನೋಡುತ್ತಿದ್ದ ಬ್ರಿಟನ್ನಿನ ವೀಕ್ಷಕರು ಒಂದು ಕ್ಷಣ ತಬ್ಬಿಬ್ಬಾದರು. ಗುಂಗುರು ಕೂದಲಿನ ಗಾಯಕನೊಬ್ಬ ಹೆಣ್ಣುದನಿಯಷ್ಟು ಏರುಸ್ವರದಲ್ಲಿ ಹಾಡುತ್ತಾ ಕುಣಿಯುತ್ತಿದ್ದ. ಪಕ್ಕದಲ್ಲಿ ಕೀಬೋರ್ಡ್ ಮುಂದೆ ಕುಳಿತವನಿಗೆ ಎಣ್ಣೆ ಹಚ್ಚಿ ಬಾಚಿದ ತಲೆ, ತುಂಡು ಮೀಸೆ. ಆತ ಅಲುಗಾಡದೆ ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಿದ್ದ. ಆ ಮೀಸೆ ಕೆಲವರಿಗೆ ಚಾಪ್ಲಿನ್‌ನನ್ನು, ಕೆಲವರಿಗೆ ಹಿಟ್ಲರ್‌ನನ್ನು ನೆನಪಿಸಿತು.

ಅವರೇ 'ಸ್ಪಾರ್ಕ್ಸ್' ತಂಡದ ಸಹೋದರರಾದ ರಸೆಲ್ ಮೇಲ್ ಮತ್ತು ರಾನ್ ಮೇಲ್. ಆ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು. ಅದನ್ನು ಒಳಗೊಂಡ 'ಕಿಮೋನೋ ಮೈ ಹೌಸ್' ಆಲ್ಬಂ 4ನೇ ಸ್ಥಾನ ಪಡೆಯಿತು. ನಾಟಕೀಯ, ಚತುರ 'ಆರ್ಟ್ ಪಾಪ್' ಎಂದಾಗ ಇಂದಿಗೂ ಮೊದಲು ನೆನಪಾಗುವ ಆಲ್ಬಂಗಳಲ್ಲಿ ಇದೂ ಒಂದು.

ಊರಲ್ಲಿ ಸಿಗದ ಮನ್ನಣೆ

ಸಹೋದರರು ಅಮೆರಿಕದ ಕ್ಯಾಲಿಫೋರ್ನಿಯಾದವರು. ಅಲ್ಲಿ ಹೊರತಂದ ಮೊದಲ ಎರಡು ಆಲ್ಬಂಗಳು ಮಾರಾಟವಾಗಲಿಲ್ಲ. 1973ರಲ್ಲಿ ಹಳೆಯ ಸಂಗಡಿಗರನ್ನು ಬಿಟ್ಟು ಇಬ್ಬರೇ ಲಂಡನ್‌ಗೆ ಬಂದರು. ಐಲ್ಯಾಂಡ್ ರೆಕಾರ್ಡ್ಸ್ ಅವಕಾಶ ಕೊಟ್ಟಿತು, ಮಫ್ ವಿನ್‌ವುಡ್ ನಿರ್ಮಾಪಕರಾದರು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಹೊಸ ವಾದಕರನ್ನು ಹುಡುಕಲಾಯಿತು. ಇಂಧನ ಬಿಕ್ಕಟ್ಟಿನಿಂದಾಗಿ ಬ್ರಿಟನ್ನಿನ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ವಿದ್ಯುತ್ ಸಿಗುತ್ತಿದ್ದ ಚಳಿಗಾಲವದು. ಈ ಪ್ರಯತ್ನವೂ ಸೋತರೆ ಸಹೋದರರಿಗೆ ಹಿಂದಿರುಗಲು ಹೆಸರಿಗೊಂದು ತಂಡವೂ ಉಳಿದಿರಲಿಲ್ಲ.

ಅಂಥದ್ದೇನಿದೆ ಇದರಲ್ಲಿ?

ಮೊದಲನೆಯದು, ಹಾಡಿನ ಕಟ್ಟು. 1970ರ ದಶಕದ ರಾಕ್ ಸಂಗೀತ ಬಹುಪಾಲು ಗಿಟಾರಿನ ಸುತ್ತ ಹುಟ್ಟುತ್ತಿತ್ತು. ರಾನ್ ಮಾತ್ರ ಕೀಬೋರ್ಡ್ ಮುಂದೆ ಕೂತು, ಸಾಲಿಗೆ ಪದಗಳನ್ನು ತುಂಬಿ ತುಳುಕಿಸುತ್ತಿದ್ದರು. 'ದಿಸ್ ಟೌನ್ ಏಂಟ್ ಬಿಗ್ ಇನಫ್ ಫಾರ್ ಬೋತ್ ಆಫ್ ಅಸ್' ಹಾಡನ್ನು ರಾನ್ ಬರೆದ ಶ್ರುತಿ ತಮ್ಮನ ಗಂಟಲಿಗೆ ಎತ್ತರವಾಗಿತ್ತು. ಆದರೂ ಅಣ್ಣ ಶ್ರುತಿ ಇಳಿಸಲು ಒಪ್ಪಲಿಲ್ಲ. ತಂಡದ ಗುರುತೇ ಆಗಿಬಿಟ್ಟ ಆ ಏರುದನಿಯ ಹಿಂದೆ ಈ ಹಟವಿದೆ.

ಎರಡನೆಯದು, ಕಥೆ ಹೇಳುವ ಕೋನ. ಆ ಹಾಡಿನ ಶೀರ್ಷಿಕೆ ಹಳೆಯ ಕೌಬಾಯ್ ಸಿನಿಮಾಗಳ ಸವೆದ ಸಂಭಾಷಣೆ. ಆದರೆ ಇಲ್ಲಿ ಬಂದೂಕು ಹಿಡಿದ ವೀರನಿಲ್ಲ, ಹುಡುಗಿಯ ಎದುರು ಎದೆ ಢವಗುಟ್ಟುವ ಯುವಕನಿದ್ದಾನೆ. ಅವನ ದಿಗಿಲು ಕಾಡುಪ್ರಾಣಿಗಳ ರೂಪದಲ್ಲಿ ನುಗ್ಗಿ ಬರುತ್ತದೆ, ನಡುವೆ ಗುಂಡಿನ ಸದ್ದು ಕೇಳುತ್ತದೆ. ಸಣ್ಣ ಅಂಜಿಕೆಗೆ ಮಹಾಯುದ್ಧದ ಹಿಮ್ಮೇಳ. ತಮಾಷೆ ಇರುವುದೇ ಇಲ್ಲಿ.

'ಟ್ಯಾಲೆಂಟ್ ಈಸ್ ಆ್ಯನ್ ಅಸೆಟ್' ಹಾಡಿನ ನಾಯಕ ಬಾಲಕ ಆಲ್ಬರ್ಟ್ ಐನ್‌ಸ್ಟೈನ್. ಹಾಡುವವರು ಮಾತ್ರ ಅವನ ನೆಂಟರು. ಹುಡುಗ ಮುಂದೆ ದೊಡ್ಡವನಾಗುತ್ತಾನೆ, ಅವನನ್ನು ಕೆಣಕಬೇಡಿ ಎಂದು ಕಾವಲು ಕಾಯುತ್ತಾರೆ. ಇಂಗ್ಲಿಷಿನಲ್ಲಿ 'ರಿಲೇಟಿವ್' ಎಂದರೆ ನೆಂಟ, 'ರಿಲೇಟಿವಿಟಿ' ಎಂದರೆ ಸಾಪೇಕ್ಷತೆ. ಇಡೀ ಹಾಡು ಈ ಶ್ಲೇಷೆಯ ಮೇಲೆ ನಿಂತಿದೆ. ಪರೀಕ್ಷೆ ಬರೆಯುವ ಮಕ್ಕಳಿರುವ ಯಾವ ಮನೆಯವರಿಗೂ ಇದು ಹೊಸದೆನಿಸದು.

'ಈಕ್ವೇಟರ್' ಹಾಡಿನ ಪ್ರೇಮಿ ಸಮಭಾಜಕ ವೃತ್ತದ ಬಳಿ ಸಿಗುವುದಾಗಿ ಹೇಳಿದವಳಿಗಾಗಿ ಕಾಯುತ್ತಾನೆ. ಭೂಮಿಯನ್ನೇ ಸುತ್ತುವ ಗೆರೆಯ ಮೇಲೆ ಯಾರನ್ನು ಎಲ್ಲಿ ಹುಡುಕುವುದು?

ನಗುವಿನ ಒಳಗಿನ ನೋವು

ತಮಾಷೆಯ ಹಾಡುಗಳಿಗೆ ಒಂದು ಶಾಪವಿದೆ. ಒಮ್ಮೆ ನಕ್ಕ ಮೇಲೆ ಮತ್ತೆ ಕೇಳಬೇಕೆನಿಸುವುದಿಲ್ಲ, ವಿಮರ್ಶಕರೂ ಅವನ್ನು ಹಗುರವಾಗಿ ಕಾಣುತ್ತಾರೆ. ಈ ಆಲ್ಬಂ ಅದನ್ನು ದಾಟಿದ್ದು ಹೇಗೆ ಎಂಬುದಕ್ಕೆ 'ಹಿಯರ್ ಇನ್ ಹೆವನ್' ಉತ್ತರ. ರೋಮಿಯೋ-ಜೂಲಿಯೆಟ್‌ರಂತೆ ಜೊತೆಯಾಗಿ ಸಾಯಲು ನಿರ್ಧರಿಸಿದ ಜೋಡಿಯ ಕಥೆಯಿದು. ಅವನು ಮಾತಿನಂತೆ ಸತ್ತು ಸ್ವರ್ಗ ಸೇರಿದ್ದಾನೆ, ಅವಳು ಬಂದೇ ಇಲ್ಲ. ಮೊದಲ ಸಲ ಕೇಳಿದಾಗ ನಗು ಬರುತ್ತದೆ. ಎರಡನೇ ಸಲ ಕೇಳಿದಾಗ, ಮೋಸಹೋದದ್ದನ್ನು ಒಪ್ಪಿಕೊಳ್ಳಲಾಗದೆ ಒಬ್ಬಂಟಿಯಾಗಿ ಕಾಯುತ್ತಿರುವ ಮನುಷ್ಯ ಕಾಣುತ್ತಾನೆ.

'ಥ್ಯಾಂಕ್ ಗಾಡ್ ಇಟ್ಸ್ ನಾಟ್ ಕ್ರಿಸ್‌ಮಸ್' ಕೂಡ ಹಾಗೆಯೇ. ರಾತ್ರಿಯೆಲ್ಲ ಹೊರಗೆ ಸುತ್ತಿ ಸಂಸಾರದಿಂದ ತಪ್ಪಿಸಿಕೊಳ್ಳುವ ಗಂಡನಿಗೆ ಎಲ್ಲವೂ ಮುಚ್ಚಿರುವ ಹಬ್ಬದ ದಿನವೇ ಭಯ. ಅಂದು ಮನೆಯಲ್ಲಿ ಹೆಂಡತಿಯ ಎದುರು ಕೂರಲೇಬೇಕಲ್ಲ! ಹಾಡುವವರು ಒಮ್ಮೆಯೂ ಕಣ್ಣು ಮಿಟುಕಿಸಿ ಇದು ಜೋಕ್ ಎನ್ನುವುದಿಲ್ಲ. ಪಾತ್ರದ ಸಂಕಟ ಪಾತ್ರಕ್ಕೆ ನಿಜ. ಆದ್ದರಿಂದಲೇ ಕೇಳುಗನಿಗೂ ತಟ್ಟುತ್ತದೆ.

ಮುಖಪುಟವೂ ಇದೇ ಜಾಣತನದ್ದು. ಮುಂಬದಿಯಲ್ಲಿ ತಂಡದ ಹೆಸರಿಲ್ಲ, ಆಲ್ಬಂ ಹೆಸರಿಲ್ಲ, ಸಹೋದರರ ಚಿತ್ರವೂ ಇಲ್ಲ. ಕಿಮೋನೋ ತೊಟ್ಟ ಇಬ್ಬರು ಮಹಿಳೆಯರಷ್ಟೇ ಇದ್ದಾರೆ, ಅದೂ ಅಲಂಕಾರ ಕೆಟ್ಟ ಸ್ಥಿತಿಯಲ್ಲಿ. ಹೆಸರು ರೋಸ್‌ಮೇರಿ ಕ್ಲೂನಿ ಹಾಡಿದ ಹಳೆಯ ಜನಪ್ರಿಯ ಗೀತೆಯೊಂದರ ಶೀರ್ಷಿಕೆಯ ಮೇಲಿನ ಪದಚೇಷ್ಟೆ.

ಮುಂದೇನಾಯಿತು?

ತವರಿನಲ್ಲಿ ಆಲ್ಬಂ ದೊಡ್ಡ ಯಶಸ್ಸು ಕಾಣಲಿಲ್ಲ. ಆದರೆ ಹದಿಹರೆಯದಲ್ಲೇ ಇದನ್ನು ಹೊಗಳಿ ಪತ್ರಿಕೆಗೆ ಪತ್ರ ಬರೆದ ಹುಡುಗ ಮುಂದೆ 'ದ ಸ್ಮಿತ್ಸ್' ತಂಡದ ಗಾಯಕ ಮಾರಿಸ್ಸಿ ಆದ. 2021ರಲ್ಲಿ ಎಡ್ಗರ್ ರೈಟ್ ಸಹೋದರರ ಕುರಿತು ಸಾಕ್ಷ್ಯಚಿತ್ರ ಮಾಡಿದರು. ಅದೇ ವರ್ಷ ಅವರು ಕಥೆ-ಸಂಗೀತ ಒದಗಿಸಿದ 'ಆ್ಯನೆಟ್' ಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂತು. 2023ರಲ್ಲಿ, ಎಪ್ಪತ್ತು ದಾಟಿದ ಇಬ್ಬರೂ ಅದೇ ಐಲ್ಯಾಂಡ್ ಸಂಸ್ಥೆಯಿಂದ ಮತ್ತೆ ಹೊಸ ಆಲ್ಬಂ ತಂದರು.

ಹೊಸದಾಗಿ ಕೇಳುವವರು ಮೊದಲ ಹಾಡಿನಿಂದಲೇ ಆರಂಭಿಸಬಹುದು. ಪದಗಳ ವೇಗ ಮೊದಲಿಗೆ ಕೈಗೆ ಸಿಗದಿದ್ದರೆ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಕೇಳುವುದು ಒಳ್ಳೆಯದು. ಹತ್ತು ಹಾಡು, ಮುಕ್ಕಾಲು ಗಂಟೆಯೂ ಬೇಡ.