ಬೆಳಗೆಂಬ ನಾಣ್ಯ

ಮೂವತ್ತೊಂದು ವರ್ಷ ಭೂಗೋಳವನ್ನು ಪಾಠ ಹೇಳಿದವನು ನಾನು. ಆಫ್ರಿಕ ಖಂಡದ ನಕ್ಷೆಯನ್ನು ಪುಸ್ತಕ ನೋಡದೆ ಕರಿಹಲಗೆಯ ಮೇಲೆ ಬರೆಯಬಲ್ಲೆನೆಂಬ ಸಣ್ಣದೊಂದು ಜಂಭವೂ ನನಗಿದ್ದಿತು. ಖಂಡದ ಆಗ್ನೇಯ ಭಾಗದಲ್ಲಿ, ಉದ್ದನೆಯ ಸರೋವರವೊಂದರ ಮಗ್ಗುಲಿಗೆ ಅಂಟಿಕೊಂಡಂತಿರುವ ಮಲಾವಿ ದೇಶದ ಬಳಿಗೆ ಬಂದಾಗ ವರ್ಷ ವರ್ಷವೂ ನಾನು ಹೇಳುತ್ತಿದ್ದುದು ಒಂದೇ ವಾಕ್ಯ: “ಈ ದೇಶಕ್ಕೆ ಕಡಲಿಲ್ಲ, ಆದುದರಿಂದ ಇದು ಬಡದೇಶ.” ಹುಡುಗರು ಅದನ್ನು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಅದನ್ನೇ ಒಪ್ಪಿಸಿದವರಿಗೆ ನಾನು ಎರಡು ಅಂಕ ಕೊಡುತ್ತಿದ್ದೆ. ಆ ‘ಆದುದರಿಂದ’ ಎಂಬ ಮಾತನ್ನು ಕುರಿತದ್ದು ಈ ಲೇಖನ.

ನಿವೃತ್ತನಾದ ಮೇಲೆ ಮೈಸೂರಿನ ನಮ್ಮ ಮನೆಯ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಡುವ ರೂಢಿಯನ್ನಿಟ್ಟುಕೊಂಡೆವು. ೨೦೨೨ರಲ್ಲಿ ಆ ಕೋಣೆಗೆ ಬಂದವನು ಎಂ.ಎಸ್ಸಿ. ಓದಲೆಂದು ಬಂದಿದ್ದ ಮಲಾವಿಯ ತರುಣ. ಅವನ ಹೆಸರು ಇಲ್ಲಿ ಬೇಡ. ಕಸುಂಗು ಎಂಬ ಸೀಮೆಯ ಹೊಗೆಸೊಪ್ಪಿನ ಬೇಸಾಯಗಾರರ ಮಗ ಎಂದಷ್ಟು ಹೇಳಿದರೆ ಸಾಕು. ಬಂದ ಮೊದಲನೆಯ ಭಾನುವಾರ ನನ್ನ ಹೆಂಡತಿ ಅವನನ್ನು ಊಟಕ್ಕೆ ಕರೆದಳು. ಅಂದು ರಾಗಿಮುದ್ದೆ, ಬಸ್ಸಾರು. ಪರದೇಶದ ಹುಡುಗ, ಮುದ್ದೆಯನ್ನು ಹೇಗೆ ತಿಂದಾನು ಎಂದು ಪಕ್ಕದಲ್ಲಿ ಅನ್ನವನ್ನೂ ಬಡಿಸಿದ್ದಳು. ಅವನು ತಟ್ಟೆಯನ್ನು ಒಂದು ಗಳಿಗೆ ನೋಡಿದ. ಮುದ್ದೆಯನ್ನು ಬೆರಳಿನಿಂದ ಮುರಿದು, ಉರುಟಿ, ಸಾರಿಗೆ ಅದ್ದಿ, ನಮ್ಮ ಮಂಡ್ಯದ ಬೀಗರಿಗಿಂತಲೂ ಸಲೀಸಾಗಿ ಬಾಯಿಗಿಟ್ಟ. “ಅಮ್ಮ, ಇದು ನಮ್ಮ ನ್ಸಿಮ” ಎಂದ. ನುಂಗಬೇಕಾದುದನ್ನು ಅಗಿದ, ಅದೊಂದೇ ತಪ್ಪು.

ನ್ಸಿಮವೆಂಬುದು ಆ ದೇಶದ ನಿತ್ಯದ ಅನ್ನ. ಕುದಿಯುವ ನೀರಿಗೆ ಹಿಟ್ಟು ಹಾಕಿ ಮರದ ಕೋಲಿನಿಂದ ತೊಳಸಿ ಮಾಡುತ್ತಾರೆ. ಹಿಟ್ಟು ಮಾತ್ರ ಮುಸುಕಿನ ಜೋಳದ್ದು. ಈ ಜೋಳ ಅಮೆರಿಕದಿಂದ ಬಂದ ಧಾನ್ಯ. ಅದಕ್ಕೆ ಮೊದಲು ಅಲ್ಲಿಯವರು ತಿನ್ನುತ್ತಿದ್ದುದು ರಾಗಿ ಮತ್ತು ಬಿಳಿಜೋಳಗಳನ್ನು. ರಾಗಿಯಂತೂ ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ ಹುಟ್ಟಿ, ಸಾವಿರಾರು ವರ್ಷಗಳ ಹಿಂದೆ ನಮ್ಮ ನಾಡಿಗೆ ಬಂದದ್ದು. ಅವರ ಭಾಷೆಯಲ್ಲಿ ಅದಕ್ಕೆ ‘ಮವೆರೆ’ ಎಂದು ಹೆಸರು. “ನಮ್ಮಜ್ಜಿ ಬೆಳೆಯುತ್ತಿದ್ದಳು, ಈಗ ನಮ್ಮಲ್ಲಿ ಬೆಳೆಯುವವರಿಲ್ಲ” ಎಂದು ಹುಡುಗ ಹೇಳಿದ. ಅವರು ನಮಗೆ ಕೊಟ್ಟ ಧಾನ್ಯ ನಮ್ಮಲ್ಲಿ ಉಳಿಯಿತು, ಅವರ ಹೊಲದಿಂದ ಹೋಯಿತು. ಮಳೆ ಒಂದು ತಿಂಗಳು ಕೈಕೊಟ್ಟರೂ ರಾಗಿ ತಾಳಿಕೊಳ್ಳುತ್ತದೆ. ಮುಸುಕಿನ ಜೋಳ ತಾಳುವುದಿಲ್ಲ. ಅದಕ್ಕೆ ರಸಗೊಬ್ಬರ ಬೇಕು. ರಸಗೊಬ್ಬರ ಕಡಲಿನಾಚೆಯಿಂದ ಬರಬೇಕು.

ಒಂದು ಸಂಜೆ ನನ್ನ ಹಳೆಯ ವಾಕ್ಯವನ್ನು ಅವನ ಮುಂದೆ ಹೇಳಿದೆ. ಅವನು ವಾದಕ್ಕೆ ನಿಲ್ಲುವ ಹುಡುಗನಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಡಲು ಯಾವಾಗಲೂ ಅಲ್ಲಿಯೇ ಇದೆ, ಸರ್. ನಮ್ಮ ದಾರಿ ಮಾತ್ರ ಕೆಲವು ಸಲ ಇರುತ್ತದೆ, ಕೆಲವು ಸಲ ಇರುವುದಿಲ್ಲ” ಎಂದ.

ನಾನು ಮತ್ತೆ ಪುಸ್ತಕ ತೆರೆದದ್ದು ಆ ಮಾತಿನಿಂದ. ಮಲಾವಿಯಿಂದ ಹಿಂದೂ ಮಹಾಸಾಗರಕ್ಕೆ ಎರಡು ರೈಲು ದಾರಿಗಳಿದ್ದವು. ಒಂದು ದಕ್ಷಿಣಕ್ಕೆ ಇಳಿದು ಬೈರಾ ಬಂದರಿಗೆ. ಇದಕ್ಕಾಗಿ ಜಾಂಬೆಜಿ ನದಿಗೆ ಕಟ್ಟಿದ ದೊಡ್ಡ ಸೇತುವೆ ೧೯೩೫ರಲ್ಲಿ ತೆರೆಯಿತು. ಇನ್ನೊಂದು ಪೂರ್ವಕ್ಕೆ, ನಕಾಲ ಬಂದರಿಗೆ. ಇದು ೧೯೭೦ರಲ್ಲಿ ಕೂಡಿಕೊಂಡಿತು. ಎರಡು ಬಂದರುಗಳೂ ಮೊಜಾಂಬಿಕಿನವು. ಆ ದೇಶದಲ್ಲಿ ೧೯೭೭ರಿಂದ ೧೯೯೨ರವರೆಗೆ ಅಂತರ್ಯುದ್ಧ. ಬಂಡುಕೋರರು ಹಳಿಗಳನ್ನು ಕಿತ್ತರು, ಸೇತುವೆಗಳನ್ನು ಸಿಡಿಸಿದರು. ೧೯೮೪ರ ಹೊತ್ತಿಗೆ ಎರಡು ದಾರಿಗಳೂ ಮುಚ್ಚಿದವು. ಅಂದಿನಿಂದ ಮಲಾವಿಯ ಚಹ, ಸಕ್ಕರೆ, ಹೊಗೆಸೊಪ್ಪುಗಳು ಲಾರಿಯ ಮೇಲೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ ಸುತ್ತಿ, ದಕ್ಷಿಣ ಆಫ್ರಿಕದ ಡರ್ಬಾನನ್ನು ಮುಟ್ಟಬೇಕಾಯಿತು. ಗೊಬ್ಬರ, ಎಣ್ಣೆಗಳು ಅದೇ ದಾರಿಯಲ್ಲಿ ಒಳಕ್ಕೆ ಬರಬೇಕಾಯಿತು. ಸಾಲದೆಂಬಂತೆ ಅದೇ ಯುದ್ಧದಿಂದ ಓಡಿಬಂದ ಹತ್ತು ಲಕ್ಷ ಮಂದಿ ಮೊಜಾಂಬಿಕಿನವರಿಗೆ ಈ ಬಡದೇಶವೇ ನೆಳಲಾಯಿತು. ಆಗ ಮಲಾವಿಯ ಜನಸಂಖ್ಯೆ ಒಂದು ಕೋಟಿಯಷ್ಟೂ ಇರಲಿಲ್ಲ. ಬಂದವರಿಗೆ ಅವರು ಬಾಗಿಲು ಹಾಕಲಿಲ್ಲವೆಂಬುದನ್ನು ನನ್ನ ಪಠ್ಯಪುಸ್ತಕ ಒಮ್ಮೆಯೂ ಹೇಳಿರಲಿಲ್ಲ.

ನೀರಿನ ದಾರಿಯ ಕನಸು ಇನ್ನೂ ಹಳೆಯದು. ಸರೋವರದಿಂದ ಹೊರಟ ಷಿರೆ ನದಿ ಜಾಂಬೆಜಿಯನ್ನು ಕೂಡಿ ಕಡಲಿಗೆ ಹೋಗುತ್ತದೆ. ಕಡಲಿನಿಂದ ಈ ನದಿಯಗುಂಟ ಹಡಗಿನಲ್ಲಿ ಮೇಲಕ್ಕೆ ಹೋಗಬಹುದೆಂದು ನಂಬಿ ಬಂದ ಲಿವಿಂಗ್‌ಸ್ಟನ್ ನಡುವಣ ಜಲಪಾತಗಳ ಮುಂದೆ ನಿಲ್ಲಬೇಕಾಯಿತು. ೧೮೫೯ರಲ್ಲಿ ಆತ ಸರೋವರವನ್ನು ಕಂಡದ್ದು ಕಾಲ್ನಡಿಗೆಯಲ್ಲಿ. ನೂರೈವತ್ತು ವರ್ಷ ಕಳೆದ ಮೇಲೆ, ೨೦೧೦ರ ಅಕ್ಟೋಬರಿನಲ್ಲಿ, ಆ ಜಲಪಾತಗಳಿಂದ ಕೆಳಗಿರುವ ನ್ಸಾಂಜೆ ಎಂಬಲ್ಲಿ ಒಳನಾಡಿನ ಬಂದರೊಂದನ್ನು ಅಧ್ಯಕ್ಷ ಬಿಂಗು ವ ಮುಥಾರಿಕ ಉದ್ಘಾಟಿಸಿದರು. ನೆರೆಯ ರಾಷ್ಟ್ರಗಳ ಅಧ್ಯಕ್ಷರು ಬಂದಿದ್ದರು, ಮೇಳವಿತ್ತು, ಭಾಷಣವಿತ್ತು. ಬರಬೇಕಾಗಿದ್ದ ಸರಕಿನ ದೋಣಿ ಮಾತ್ರ ಬರಲಿಲ್ಲ. ತನ್ನ ಒಪ್ಪಿಗೆಯಿಲ್ಲದೆ ಹೊರಟಿತೆಂದು ಮೊಜಾಂಬಿಕ್ ಅದನ್ನು ನಡುದಾರಿಯಲ್ಲಿಯೇ ತಡೆದಿದ್ದಿತು. ಕಡಲು ಅಲ್ಲಿಂದ ಇನ್ನೂರ ಚಿಲ್ಲರೆ ಕಿಲೋಮೀಟರು.

ಆದರೂ ಎಲ್ಲ ಹೊಣೆಯನ್ನೂ ದಾರಿಯ ಮೇಲೆ ಹೊರಿಸುವುದು ನನ್ನ ಹಳೆಯ ತಪ್ಪನ್ನೇ ಬೇರೆ ಹೆಸರಿನಲ್ಲಿ ಮಾಡಿದಂತೆ. ಬೋಟ್ಸ್ವಾನಕ್ಕೂ ಕಡಲಿಲ್ಲ, ಅಲ್ಲಿ ವಜ್ರವಿದ್ದಿತು, ಅದರ ಹಣವನ್ನು ಲೆಕ್ಕವಿಟ್ಟು ಬಳಸುವ ಸರ್ಕಾರವೂ ಇದ್ದಿತು. ಮಲಾವಿಯಲ್ಲಿದ್ದುದು ಜನ ಮತ್ತು ನೆಲ. ಬ್ರಿಟಿಷರ ಕಾಲದಲ್ಲಿ, ಆ ನಾಡಿಗೆ ನ್ಯಾಸಾಲ್ಯಾಂಡ್ ಎಂಬ ಹೆಸರಿದ್ದಾಗ, ದಕ್ಷಿಣದ ಒಳ್ಳೆಯ ನೆಲ ಬಿಳಿಯರ ತೋಟಗಳಾಯಿತು. ಆ ನೆಲದಲ್ಲಿ ಮೊದಲಿನಿಂದ ಇದ್ದವರು ಬಾಡಿಗೆಯ ಬದಲು ದುಡಿದು ತೀರಿಸಬೇಕಾಯಿತು. ‘ಥಂಗಾಟ’ವೆಂಬ ಈ ಬಿಟ್ಟಿಯ ವಿರುದ್ಧ ೧೯೧೫ರ ಜನವರಿಯಲ್ಲಿ ಜಾನ್ ಚಿಲೆಂಬ್ವೆ ಎಂಬ ಪಾದ್ರಿ ದಂಗೆಯೆದ್ದು ಕೆಲವೇ ದಿನಗಳಲ್ಲಿ ಗುಂಡಿಗೆ ಬಲಿಯಾದ. ಗಂಡಸರು ದಕ್ಷಿಣ ಆಫ್ರಿಕದ ಗಣಿಗಳಿಗೆ ಹೋದರು.

೧೯೬೪ರ ಜುಲೈ ೬ರಂದು ಸ್ವಾತಂತ್ರ್ಯ ಬಂದಿತು. ವೈದ್ಯರಾಗಿದ್ದ ಹೇಸ್ಟಿಂಗ್ಸ್ ಬಾಂಡಾ ನಾಯಕರಾದರು. ಮೂವತ್ತು ವರ್ಷ ನಾಯಕರಾಗಿಯೇ ಉಳಿದರು. ರಸ್ತೆಗಳಾದವು, ಲಿಲಾಂಗ್ವೆಯಲ್ಲಿ ಹೊಸ ರಾಜಧಾನಿಯಾಯಿತು. ಆದರೆ ಒಳ್ಳೆಯ ಬೆಲೆ ತರುವ ಬರ್ಲಿ ಹೊಗೆಸೊಪ್ಪನ್ನು ಬೆಳೆಯುವ ಹಕ್ಕು ದೊಡ್ಡ ಎಸ್ಟೇಟುಗಳಿಗೆ ಮೀಸಲು. ಸಣ್ಣ ರೈತ ತನ್ನ ಬೆಳೆಯನ್ನು ಸರ್ಕಾರಿ ಮಂಡಲಿಗೆ ಅದು ಹೇಳಿದ ಬೆಲೆಗೆ ಮಾರಬೇಕು. ೧೯೯೦ರವರೆಗೂ ಇದೇ ನಿಯಮ. ಕಸುಂಗುವಿನಲ್ಲಿ ಬಾಂಡಾ ಸ್ಥಾಪಿಸಿದ ಅಕಾಡೆಮಿಯಲ್ಲಿ ಆರಿಸಿದ ಮಕ್ಕಳು ಲ್ಯಾಟಿನ್, ಗ್ರೀಕ್ ಕಲಿಯುತ್ತಿದ್ದರು. ಪ್ರಶ್ನೆ ಕೇಳುವುದನ್ನು ಕಲಿತವರ ಪಾಡು ಬೇರೆ. ಕವಿ ಜ್ಯಾಕ್ ಮಪಾಂಜೆ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಅಧ್ಯಾಪಕ. ೧೯೮೧ರಲ್ಲಿ ಆತನ ಕವನ ಸಂಕಲನ ಲಂಡನ್ನಿನಲ್ಲಿ ಪ್ರಕಟವಾಯಿತು. ೧೯೮೭ರಲ್ಲಿ ಆತನನ್ನು ಹಿಡಿದರು. ಆರೋಪವಿಲ್ಲ, ವಿಚಾರಣೆಯಿಲ್ಲ, ೧೯೯೧ರವರೆಗೆ ಸೆರೆಮನೆ. ಸಾಹಿತ್ಯದ ಪುಟದಲ್ಲಿ ಗೊಬ್ಬರದ ಮಾತೇಕೆ ಎನ್ನುವ ವಾಚಕರು ಈ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಬೇಕು. ಕವಿ ಬಾಯಿಬಿಡಲಾರದ ಕಡೆ ರೈತನೂ ಬೆಲೆ ಕೇಳಲಾರ.

೧೯೯೪ರಲ್ಲಿ ಚುನಾವಣೆಯಾಗಿ ಬಾಂಡಾ ಸೋತರು. ಪ್ರಾಥಮಿಕ ಶಾಲೆಗೆ ಶುಲ್ಕವಿಲ್ಲವೆಂದು ಸಾರಿದೊಡನೆ ಸುಮಾರು ಹತ್ತೊಂಬತ್ತು ಲಕ್ಷವಿದ್ದ ಮಕ್ಕಳ ಸಂಖ್ಯೆ ಮೂವತ್ತು ಲಕ್ಷದ ಹತ್ತಿರಕ್ಕೆ ಏರಿತು. ಕೊಠಡಿಗಳೂ ಉಪಾಧ್ಯಾಯರೂ ಹಾಗೆ ಏರಲಿಲ್ಲ. ಮರದ ನೆರಳೇ ತರಗತಿಯಾಯಿತು. ಉಪಾಧ್ಯಾಯನಾದ ನನಗೆ ಇದನ್ನು ತಪ್ಪೆನ್ನಲು ಮನಸ್ಸಾಗದು. ಮೊದಲು ಮಕ್ಕಳು ಬರಲಿ.

ಜನರು ಮಾತಾಡಬಲ್ಲ ದೇಶದಲ್ಲಿ ಕ್ಷಾಮ ಬಾರದೆಂದು ಅಮರ್ತ್ಯ ಸೇನರು ವಾದಿಸಿದ್ದಾರಷ್ಟೆ. ಮಲಾವಿ ಈ ವಾದಕ್ಕೊಂದು ತೊಡಕು. ಪತ್ರಿಕೆಗಳಿದ್ದವು, ವಿರೋಧ ಪಕ್ಷವಿದ್ದಿತು. ಆದರೂ ೨೦೦೧–೦೨ರಲ್ಲಿ ಹಸಿವು ಹಳ್ಳಿಗಳನ್ನು ಹೊಕ್ಕಿತು. ಕಷ್ಟಕಾಲಕ್ಕೆಂದು ಕೂಡಿಟ್ಟಿದ್ದ ಒಂದೂವರೆ ಲಕ್ಷ ಟನ್ನಿಗೂ ಮಿಕ್ಕ ಜೋಳ ಅದಕ್ಕೆ ಸ್ವಲ್ಪ ಮೊದಲು ಮಾರಾಟವಾಗಿ ಹೋಗಿತ್ತು. ದಾಸ್ತಾನನ್ನು ಇಳಿಸಿರೆಂದು ಸಲಹೆ ಮಾಡಿದವರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯೂ ಇದ್ದಿತು. ಪೂರ್ತಿ ಬರಿದು ಮಾಡಿದವರು ಅಲ್ಲಿಯ ಅಧಿಕಾರಸ್ಥರು. ಸತ್ತವರ ಲೆಕ್ಕ ಇಂದಿಗೂ ವಿವಾದದ್ದು. ನಮ್ಮ ಹುಡುಗನಿಗೆ ಆಗ ಆರು ವರ್ಷ. ಸಂತೆಯಲ್ಲಿ ಜೋಳದ ತೌಡನ್ನು ಡಬ್ಬಿಯಲ್ಲಿ ಅಳೆದು ಮಾರುತ್ತಿದ್ದರಂತೆ. ಅವನ ತಾಯಿ ಅದನ್ನು ಕೇರಿ, ಕೇರಿದ್ದರಲ್ಲಿ ಉಳಿದದ್ದನ್ನು ಮತ್ತೆ ಕೇರುತ್ತಿದ್ದರಂತೆ. ಇದನ್ನು ಹೇಳುವಾಗ ಅವನು ಮೊರ ಆಡಿಸುವಂತೆ ಕೈಯಾಡಿಸಿ ತೋರಿಸಿದ. ಅದೇ ಸೀಮೆಯ ಒಂದು ಹಳ್ಳಿಯಲ್ಲಿ, ಅದೇ ಹಸಿವಿನ ವರ್ಷದಲ್ಲಿ, ಶುಲ್ಕ ಕಟ್ಟಲಾರದೆ ಶಾಲೆ ಬಿಟ್ಟ ವಿಲಿಯಂ ಕಾಂಕ್ವಾಂಬ ಎಂಬ ಬಾಲಕ ಗ್ರಂಥಾಲಯದ ಪುಸ್ತಕ ನೋಡಿ, ಹಳೆಯ ಸೈಕಲಿನ ಬಿಡಿಭಾಗಗಳಿಂದ ಗಾಳಿಯಂತ್ರ ಕಟ್ಟಿ ಮನೆಗೆ ದೀಪ ತಂದ. ಜಗತ್ತು ಈ ಕತೆಯನ್ನು ಬಲು ಮೆಚ್ಚಿಕೊಂಡಿತು. ನಮ್ಮವನಿಗೆ ಮಾತ್ರ ಆ ಮೆಚ್ಚಿಕೆಯ ಬಗೆಗೆ ಸ್ವಲ್ಪ ಮುನಿಸು. “ಎಲ್ಲರೂ ಗಾಳಿಯಂತ್ರ ಕಟ್ಟಬೇಕೆ, ಸರ್? ತಂತಿ ಎಳೆದರೆ ಆಗದೆ?” ಎನ್ನುತ್ತಿದ್ದ. ದೇಶದಲ್ಲಿ ನೂರಕ್ಕೆ ಹದಿನೈದು ಮನೆಗಳ ಆಸುಪಾಸಿನಲ್ಲಿ ಮಾತ್ರ ವಿದ್ಯುಜ್ಜಾಲದ ದೀಪವಿದ್ದ ಕಾಲದ ಮಾತು ಇದು.

ಇರುವ ವಿದ್ಯುತ್ತಿನ ಬಹುಪಾಲು ಒಂದೇ ಷಿರೆ ನದಿಯದು. ೨೦೨೨ರ ಜನವರಿಯ ಬಿರುಗಾಳಿಮಳೆ ಕಪಿಚಿರ ಅಣೆಕಟ್ಟೆಯನ್ನು ಕೊಚ್ಚಿದಾಗ ದೇಶದ ಬೆಳಕಿನ ಮೂರನೆಯ ಒಂದು ಭಾಗದಷ್ಟು ಆರಿತು. ಮರುವರ್ಷ ಮಾರ್ಚಿಯಲ್ಲಿ ಫ್ರೆಡಿ ಚಂಡಮಾರುತ. ಸತ್ತವರೂ ಕಾಣೆಯಾದವರೂ ಸೇರಿ ಸಾವಿರಕ್ಕೆ ಮಿಕ್ಕಿದರು. ಸರೋವರವಿದ್ದೂ ನೀರಾವರಿ ಏಕಿಲ್ಲವೆಂದು ನಾನು ಕೇಳಿದ್ದುಂಟು. ಸರೋವರ ಸಮುದ್ರಮಟ್ಟದಿಂದ ಸುಮಾರು ೪೭೫ ಮೀಟರು. ಲಿಲಾಂಗ್ವೆಯ ಹೊಲಗಳ ಬಯಲು ಸಾವಿರ ಮೀಟರಿಗೂ ಮೇಲೆ. ನೀರು ಕೆಳಗೆ, ಹೊಲ ಮೇಲೆ. ಎತ್ತಲು ವಿದ್ಯುತ್ತು ಬೇಕು.

೨೦೦೫ರಲ್ಲಿ ಮುಥಾರಿಕ, ಅವರು ಹಿಂದೆ ನಮ್ಮ ದೆಹಲಿಯಲ್ಲಿ ಅರ್ಥಶಾಸ್ತ್ರ ಓದಿದವರು, ನೆರವು ಕೊಡುವ ದೇಶಗಳ ಮುಖ ನೋಡದೆ, ಬಡ ರೈತರಿಗೆ ಗೊಬ್ಬರ ಮತ್ತು ಬೀಜವನ್ನು ಅಗ್ಗದ ಚೀಟಿಯ ಮೇಲೆ ಕೊಡಿಸಿದರು. ಮಳೆಯೂ ಕೂಡಿಬಂದಿತು. ೨೦೦೭ರಲ್ಲಿ ಆ ದೇಶ ಜಿಂಬಾಬ್ವೆಗೆ ಜೋಳ ಮಾರಿತು. ನಾನಿದನ್ನು ದೊಡ್ಡ ಕೆಲಸವೆಂದೇ ಎಣಿಸುತ್ತೇನೆ. ಆದರೆ ಗೊಬ್ಬರ ಕೊಳ್ಳಲು ಡಾಲರು ಬೇಕು. ಡಾಲರು ತರುವುದು ಹೊಗೆಸೊಪ್ಪು. ರಫ್ತಿನ ಅರ್ಧದಷ್ಟನ್ನು ಎಷ್ಟೋ ವರ್ಷ ಆ ಒಂದು ಎಲೆಯೇ ತಂದಿದೆ. ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ಕಡೆಯ ರೈತರಿಗೆ ಈ ಪಾಡು ಹೊಸದಲ್ಲ. ನಮ್ಮವರು ಬ್ಯಾರನ್ನಿನಲ್ಲಿ ಸೌದೆಯುರಿಸಿ ಹದಮಾಡಿದರೆ ಅವರು ಹುಲ್ಲು ಹೊದಿಸಿದ ಚಪ್ಪರದಲ್ಲಿ ಗಾಳಿಗೆ ಒಣಗಿಸುತ್ತಾರೆ; ಹರಾಜಿನ ಎದುರು ಬೇಲು ಇಟ್ಟು ನಿಂತಾಗ ಇಬ್ಬರ ಎದೆಬಡಿತವೂ ಒಂದೇ. ಜಗತ್ತು ಹೊಗೆ ಬಿಡಬೇಕೆನ್ನುತ್ತದೆ, ಸರಿಯೇ. ಬಿಟ್ಟರೆ ಆ ದೇಶ ಗೊಬ್ಬರವನ್ನು ಯಾವುದರಿಂದ ಕೊಂಡೀತು?

ಹರಾಜು ನಡೆಯುವುದು ಏಪ್ರಿಲಿನಿಂದ ಕೆಲವು ತಿಂಗಳು. ಗೊಬ್ಬರ ಬೇಕಾದದ್ದು ಮಳೆ ಹಿಡಿಯುವ ನವೆಂಬರಿಗೆ. ನಡುವೆ ಡಾಲರು ಕರಗುತ್ತದೆ. ೨೦೨೩ರ ನವೆಂಬರಿನಲ್ಲಿ ಅಲ್ಲಿಯ ಕೇಂದ್ರ ಬ್ಯಾಂಕು ನಾಣ್ಯದ ಬೆಲೆಯನ್ನಿಳಿಸಿತು. ಡಾಲರಿಗೆ ಸುಮಾರು ೧,೧೮೦ ಕ್ವಾಚ ಇದ್ದದ್ದು ಒಂದೇ ದಿನದಲ್ಲಿ ೧,೭೦೦ ಆಯಿತು. ಕ್ವಾಚ ಎಂದರೆ ಅವರ ಮಾತಿನಲ್ಲಿ ಬೆಳಗು. ಸ್ವಾತಂತ್ರ್ಯದ ಹೋರಾಟದಲ್ಲಿ ಅದು ಜನರ ಕೂಗಾಗಿದ್ದಿತು. ೧೯೭೧ರಲ್ಲಿ ನಾಣ್ಯಕ್ಕೆ ಆ ಹೆಸರಿಟ್ಟರು. ಅದರ ನೂರರಲ್ಲೊಂದು ಪಾಲಿಗೆ ತಂಬಾಲ, ಎಂದರೆ ಹುಂಜ.

ಆ ವಾರ ಹುಡುಗ ಮಹಡಿಯಿಂದ ಇಳಿದುಬಂದು ಬಾಗಿಲ ಬಳಿ ನಿಂತ. ಕಡೆಯ ಕಂತಿನ ಶುಲ್ಕವನ್ನು ಡಾಲರಿನಲ್ಲಿ ಕಟ್ಟಬೇಕಾಗಿತ್ತು. ಅದಕ್ಕೆಂದು ಅವನ ತಂದೆಯವರು ಸೊಪ್ಪಿನ ಹಣದಲ್ಲಿ ತೆಗೆದಿಟ್ಟದ್ದು ಮೂರರಲ್ಲೊಂದು ಪಾಲು ಕಡಿಮೆಯಾಗಿ ಹೋಗಿತ್ತು. ಯಾರೂ ಕದ್ದಿರಲಿಲ್ಲ, ಅವರು ಖರ್ಚು ಮಾಡಿಯೂ ಇರಲಿಲ್ಲ. ಬಾಡಿಗೆಗೆ ಸ್ವಲ್ಪ ಕಾಲಾವಕಾಶ ಕೊಡಬಹುದೆ ಎಂದು ಕೇಳಿದ. ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದಲೇ, “ಬಾಡಿಗೆ ಯಾರು ಕೇಳಿದರಪ್ಪ, ಮೊದಲು ಊಟಕ್ಕೆ ಬಾ” ಎಂದಳು. ಅವನ ತಂದೆಯವರು ಎರಡು ದನಗಳನ್ನು ಮಾರಿದರೆಂದು ಆಮೇಲೆ ತಿಳಿಯಿತು.

ಅವನು ಪರೀಕ್ಷೆ ಮುಗಿಸಿಕೊಂಡು ೨೦೨೪ರಲ್ಲಿ ಊರಿಗೆ ಹೋದ. ದೇಶ ಬಿಟ್ಟು ಬೇರೆ ಕಡೆ ಕೆಲಸ ನೋಡಬಾರದೇಕೆ ಎಂದು ನಾನೇ ಕೇಳಿದ್ದೆ. ಅದಕ್ಕೆ ಅವನು ೨೦೨೦ರ ಫೆಬ್ರುವರಿಯ ಸಂಗತಿಯನ್ನು ಹೇಳಿದ. ಹಿಂದಿನ ವರ್ಷದ ಅಧ್ಯಕ್ಷ ಚುನಾವಣೆ ಅಕ್ರಮದ್ದೆಂದು ಐವರು ನ್ಯಾಯಾಧೀಶರು ತೀರ್ಪಿತ್ತರು; ಪ್ರಾಣಭಯದಿಂದ ಗುಂಡು ತಾಗದ ಕವಚ ತೊಟ್ಟು ನ್ಯಾಯಾಲಯಕ್ಕೆ ಬಂದಿದ್ದರು. ಜೂನಿನಲ್ಲಿ ಮರುಚುನಾವಣೆಯಾಗಿ ಸರ್ಕಾರ ಬದಲಾಯಿತು. ತೀರ್ಪನ್ನು ಗಂಟೆಗಟ್ಟಲೆ ಓದಿದರಂತೆ. ಹಳ್ಳಿಯ ಜನ ರೇಡಿಯೋ ಮುಂದೆ ಕುಳಿತು ಅಷ್ಟನ್ನೂ ಕೇಳಿದರಂತೆ. ಅವನ ತಂದೆಯವರು ಅಂದು ಹೊಲಕ್ಕೆ ಹೋಗಲಿಲ್ಲ.

ಈಗ ಅವನು ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಜತೆಗೆ ಭೂಗೋಳವನ್ನೂ ಹೇಳುತ್ತಾನೆ. ತರಗತಿಯಲ್ಲಿ ತೊಂಬತ್ತು ಮಕ್ಕಳು, ಭೂಪಟ ಒಂದೂ ಇಲ್ಲ. ನನ್ನ ಹಳೆಯ ಅಟ್ಲಾಸನ್ನು ಒಂದು ಚೀಲ ರಾಗಿಯೊಂದಿಗೆ ಕಳುಹಿಸಲು ಹೊರಟಾಗ, ಕಾಳು ಕಳುಹಿಸಲು ಪರವಾನಗಿ ಬೇಕೆಂದು ಅಂಚೆಯವರು ರಾಗಿಯನ್ನು ಹಿಂದಕ್ಕೆ ಕೊಟ್ಟರು. ಅಟ್ಲಾಸು ಹೋಯಿತು. ಐದು ತಿಂಗಳ ಮೇಲೆ ಅವನ ಸುದ್ದಿ ಬಂದಿತು. ರಟ್ಟು ನೆನೆದು ಉಬ್ಬಿದೆ, ಪುಟಗಳೆಲ್ಲ ಸರಿಯಾಗಿವೆ. ಆಫ್ರಿಕದ ಪುಟದಲ್ಲಿ, ಅವನ ದೇಶದ ಪಕ್ಕದ ಖಾಲಿ ಜಾಗದಲ್ಲಿ, ನಾನು ಯಾವಾಗಲೋ ಪೆನ್ಸಿಲಿನಿಂದ ಬರೆದಿದ್ದ ಆ ವಾಕ್ಯವೂ ಹಾಗೆಯೇ ಇದೆಯಂತೆ. “ಅಳಿಸಲೆ, ಸರ್?” ಎಂದು ಕೇಳಿದ್ದಾನೆ.