ಪೆಟ್ಟಿನ ಬಲ ತೋಳಿನಲ್ಲಿಲ್ಲ, ಕಾಲಿನಲ್ಲಿದೆ

ಈಶ್ವರಮಂಗಲದ ಕಡೆ ಮಕ್ಕಳಿರುವ ಮನೆಯಲ್ಲಿ ಟೆನಿಸ್ ಬಾಲ್ ಹುಡುಕಿದರೆ ಒಂದಾದರೂ ಸಿಕ್ಕೀತು, ಟೆನಿಸ್ ರ‍್ಯಾಕೆಟ್ ಸಿಗುವುದು ಕಷ್ಟ. ಆ ಬಾಲಿಗೆ ನಮ್ಮಲ್ಲಿ ಬೀಳುವುದೆಲ್ಲಾ ಕ್ರಿಕೆಟ್ ಬ್ಯಾಟಿನ ಪೆಟ್ಟೇ. ರ‍್ಯಾಕೆಟ್ ಹಿಡಿದವರು ಅಂದರೆ ರಾತ್ರಿ ಲೈಟ್ ಹಾಕಿ ಶಟಲ್ ಆಡುವ ಹುಡುಗರು. ಹೀಗಾಗಿ ಮಗನೋ ಮಗಳೋ ರಜೆಯಲ್ಲಿ ಮಂಗಳೂರಿಗೆ ಹೋಗಿ ಟೆನಿಸ್ ಕೋರ್ಟಿಗೆ ಇಳಿದರೆ ಮೊದಲು ಮಾಡುವ ತಪ್ಪು ಒಂದೇ: ಶಟಲ್ ಹೊಡೆದ ಹಾಗೆ ಕೈಯಿಂದ ಬೀಸುವುದು.

ಶಟಲ್ ಕಾಕ್‌ನ ತೂಕ ಸುಮಾರು 5 ಗ್ರಾಂ. ಟೆನಿಸ್ ಬಾಲ್ 56ರಿಂದ 59.4 ಗ್ರಾಂ, ಅಂದರೆ ಹತ್ತು ಪಟ್ಟಿಗೂ ಹೆಚ್ಚು. ಶಟಲ್‌ನಲ್ಲಿ ಮಣಿಕಟ್ಟು ತಿರುಗಿಸಿದರೆ ಕೆಲಸ ಆಗಬಹುದು. ಇಲ್ಲಿ ಅದನ್ನೇ ಮಾಡಿದರೆ ಬಾಲ್ ಹೋಗುವುದಿಲ್ಲ, ನೋವು ಮಾತ್ರ ಬರುತ್ತದೆ.

ಹಾಗಾದರೆ ಬಲ ಎಲ್ಲಿಂದ? ಕೊಡಲಿಯಿಂದ ಕಟ್ಟಿಗೆ ಒಡೆಯುವವರನ್ನು ನೋಡಿ. ಬರೇ ಕೈಯಲ್ಲಿ ಯಾರೂ ಒಡೆಯುವುದಿಲ್ಲ. ಕಾಲು ಊರಿ, ಸೊಂಟ ಬಗ್ಗಿಸಿ, ಇಡೀ ಮೈಯ ಭಾರವನ್ನು ಕೊಡಲಿಗೆ ಕೊಡುತ್ತಾರೆ. ಫೋರ್‌ಹ್ಯಾಂಡ್ ಹೊಡೆತದಲ್ಲೂ ಹಾಗೆಯೇ. ಬಲಗೈ ಆಟಗಾರನಾದರೆ, ಬಾಲ್ ಬರುವುದು ಕಂಡ ಕೂಡಲೇ ಭುಜವನ್ನು ಬಲಕ್ಕೆ ತಿರುಗಿಸಬೇಕು. ಎಡಗೈ ರ‍್ಯಾಕೆಟನ್ನು ಬೇಗ ಬಿಡಬಾರದು. ಅದು ಹಿಡಿದಿದ್ದರೆ ಭುಜ ತಾನಾಗಿ ತಿರುಗುತ್ತದೆ. ಮಂಡಿ ಬಗ್ಗಿರಲಿ, ಭಾರ ಬಲಗಾಲಿನ ಮೇಲಿರಲಿ. ಆಮೇಲೆ ಕ್ರಮ ಮುಖ್ಯ: ಮೊದಲು ಕಾಲು ನೆಲವನ್ನು ಒತ್ತುತ್ತದೆ, ನಂತರ ಸೊಂಟ ತಿರುಗುತ್ತದೆ, ಅದರ ಹಿಂದೆ ಭುಜ, ತೋಳು, ಕೊನೆಗೆ ರ‍್ಯಾಕೆಟ್. ಕೈ ಮೊದಲು ಓಡಿದರೆ ಕಾಲು, ಸೊಂಟದ ಬಲವೆಲ್ಲಾ ವ್ಯರ್ಥ.

ಹಿಡಿಯನ್ನು ಬಿಗಿಯಾಗಿ ಹಿಸುಕಬಾರದು. ಬಿಗಿದ ಕೈ ವೇಗವಾಗಿ ಬೀಸುವುದಿಲ್ಲ. ಬಾಲ್ ಮೈಯಿಂದ ಸ್ವಲ್ಪ ಮುಂದೆ, ಸೊಂಟದ ಎತ್ತರದಲ್ಲಿ ಇರುವಾಗಲೇ ಸಿಗಬೇಕು. ರ‍್ಯಾಕೆಟ್ ಕೆಳಗಿನಿಂದ ಮೇಲಕ್ಕೆ ಉಜ್ಜಿದಂತೆ ಬಂದರೆ ಬಾಲ್ ಮುಂದಕ್ಕೆ ಉರುಳುವಂತೆ ತಿರುಗುತ್ತಾ ಹೋಗುತ್ತದೆ. ಇದೇ ಟಾಪ್‌ಸ್ಪಿನ್. ನಡುವಿನಲ್ಲಿ 3 ಅಡಿ ಎತ್ತರದ ನೆಟ್ಟನ್ನು ಧಾರಾಳವಾಗಿ ದಾಟಿದ ಬಾಲ್, ಈ ತಿರುಗಾಟದಿಂದಾಗಿ ಗೆರೆಯ ಒಳಗೇ ಇಳಿಯುತ್ತದೆ. ಬೀಸಿದ ಕೈಯನ್ನು ನಡುವೆ ನಿಲ್ಲಿಸದೆ ಎಡ ಭುಜದ ಕಡೆಗೆ ಹೋಗಲು ಬಿಡಬೇಕು.

ಇದಕ್ಕೆ ದೊಡ್ಡ ಮೈಕಟ್ಟೇ ಬೇಕೆಂದಿಲ್ಲ. ಹೈದರಾಬಾದಿನಲ್ಲಿ ಬೆಳೆದ ಸಾನಿಯಾ ಮಿರ್ಝಾಗೆ ಫೋರ್‌ಹ್ಯಾಂಡೇ ದೊಡ್ಡ ಅಸ್ತ್ರವಾಗಿತ್ತು. ತಂದೆ ಇಮ್ರಾನ್ ಮಿರ್ಝಾರೇ ಆಕೆಗೆ ತರಬೇತಿ ಕೊಟ್ಟರು. 2005ರಲ್ಲಿ ತನ್ನೂರಲ್ಲೇ ಡಬ್ಲ್ಯೂಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ ಆಕೆ. 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ರ‍್ಯಾಂಕ್, 2015ರಲ್ಲಿ ಡಬಲ್ಸ್‌ನಲ್ಲಿ ನಂಬರ್ 1. ಆದರೆ ಆ ಕೈ ತೆತ್ತ ಬೆಲೆಯೂ ಇದೆ. 2008ರಲ್ಲಿ ಬಲ ಮಣಿಕಟ್ಟಿನ ಗಾಯ ಆಕೆಯನ್ನು ತಿಂಗಳುಗಟ್ಟಲೆ ಆಟದಿಂದ ದೂರ ಇರಿಸಿತು. ಅಂಥಾ ಆಟಗಾರ್ತಿಗೇ ಹಾಗಾದರೆ, ಎಳೆಯ ಮಕ್ಕಳ ಕೈಯನ್ನು ನಾವು ಎಷ್ಟು ಜೋಪಾನ ಮಾಡಬೇಕು!

ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ಸಿಗುವುದು ಕೊಡಗು. ಅಲ್ಲಿನ ಕಾಫಿ ಬೆಳೆಗಾರರ ಮಗ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಡಬಲ್ಸ್‌ನ ನಂಬರ್ 1 ಕೂಡ ಆದರು. ಅದರ ಹಿಂದಿನ ವರ್ಷ ಅದೇ ಕೂಟದ ಮಿಕ್ಸೆಡ್ ಡಬಲ್ಸ್ ಫೈನಲ್‌ನಲ್ಲಿ ಸಾನಿಯಾ ಜೊತೆ ಆಡಿದ್ದೂ ಅವರೇ. ಮೈಯನ್ನು ಜೋಪಾನವಾಗಿ ಬಳಸಿದರೆ ಅದು ಎಷ್ಟು ವರ್ಷ ಬಾಳೀತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮನೆಯಲ್ಲೇ ಶುರು ಮಾಡಲು ಒಂದು ಗಟ್ಟಿ ಗೋಡೆ, ಒಂದು ಹಗುರ ರ‍್ಯಾಕೆಟ್ ಸಾಕು. ಬಾಲ್ ಮಾತ್ರ ಮೆತ್ತಗಿನದ್ದಿರಲಿ. 10 ವರ್ಷದೊಳಗಿನ ಮಕ್ಕಳ ಸ್ಪರ್ಧೆಗಳಿಗೆ 2012ರಿಂದ ಅಂತರರಾಷ್ಟ್ರೀಯ ನಿಯಮವೇ ನಿಧಾನ ಬಾಲ್ ಕಡ್ಡಾಯ ಮಾಡಿದೆ. ಮೊದಲು ಮೆಲ್ಲ ಹೊಡೆದು ಮೈ ತಿರುಗುವುದನ್ನು ಕಲಿಯಲಿ, ಜೋರು ಆಮೇಲೆ ತಾನಾಗಿ ಬರುತ್ತದೆ. ಕೈ ನೋಯುತ್ತದೆ ಎಂದು ಮಗು ಹೇಳಿದ ದಿನ ಆಟ ಅಲ್ಲಿಗೇ ನಿಲ್ಲಲಿ. ಅಂಗಳದಲ್ಲಿ ತಮ್ಮ ಆಡುವಾಗ ಬದಿಯಲ್ಲಿ ನಿಂತು ನೋಡುವ ಅಕ್ಕನ ಕೈಗೂ ಒಮ್ಮೆ ರ‍್ಯಾಕೆಟ್ ಕೊಡಿ. ಕಾಲೂರಿ ನಿಲ್ಲಲು ಅವಳಿಗೂ ಗೊತ್ತು.