ಅದೇ ಕೆರೆ, ಅದೇ ಹೆಜ್ಜಾರ್ಲೆ: ನಿಸರ್ಗ ಛಾಯಾಗ್ರಹಣದ ಕೆಲವು ತಪ್ಪು ಕಲ್ಪನೆಗಳು

ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಬೆಳಗಿನ ಹೊತ್ತು ಕ್ಯಾಮೆರಾ ಹಿಡಿದು ಕೂರುವುದು ನನಗೆ ಹಲವು ವರ್ಷಗಳ ರೂಢಿ. ವಾಕಿಂಗಿಗೆ ಬಂದವರು ನಿಂತು ಮಾತಾಡಿಸುತ್ತಾರೆ. ಮಗಳಿಗೆ ಕ್ಯಾಮೆರಾ ಕೊಡಿಸಬೇಕೆಂದಿರುವ ಅಪ್ಪ, ಆಗಷ್ಟೇ ನಿವೃತ್ತರಾದ ಮೇಷ್ಟ್ರು, ಕಾಲೇಜು ಹುಡುಗರು, ಹೀಗೆ. ಅವರ ಪ್ರಶ್ನೆಗಳ ಹಿಂದೆ ಅವೇ ನಾಲ್ಕಾರು ನಂಬಿಕೆಗಳು ಮತ್ತೆ ಮತ್ತೆ ಕಾಣಿಸುತ್ತವೆ. ಎಷ್ಟೋ ಜನ ಶುರು ಮಾಡುವ ಮೊದಲೇ ಈ ಹವ್ಯಾಸ ಕೈಬಿಡುವುದು ಆ ನಂಬಿಕೆಗಳಿಂದಲೇ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ತಪ್ಪು ಕಲ್ಪನೆ: ಒಳ್ಳೆಯ ಚಿತ್ರಕ್ಕೆ ದೊಡ್ಡ ಲೆನ್ಸ್ ಬೇಕೇ ಬೇಕು

"ಸಾರ್, ಈ ಲೆನ್ಸಿಗೆ ಎಷ್ಟಾಯ್ತು?" ಬಹುತೇಕರ ಮೊದಲ ಪ್ರಶ್ನೆ ಇದೇ. ದೂರದ ಹಕ್ಕಿಗೆ ಉದ್ದನೆಯ ಲೆನ್ಸ್ ಅನುಕೂಲ, ನಿಜ. ಆದರೆ ಬಯಲಿನಲ್ಲಿ ಬಿಸಿಲೇರಿದ ಮೇಲೆ ನೂರು ಮೀಟರ್ ಆಚೆಯ ಹಕ್ಕಿಗೆ 600 ಎಂಎಂ ಲೆನ್ಸನ್ನೇ ಗುರಿ ಹಿಡಿದರೂ, ನಡುವೆ ಕುಣಿಯುವ ಬಿಸಿಗಾಳಿ ಗರಿಗಳ ವಿವರವನ್ನೆಲ್ಲ ಕಲಸಿಹಾಕುತ್ತದೆ. ಅದಕ್ಕೆ ಯಾವ ಲೆನ್ಸಿನಲ್ಲೂ ಮದ್ದಿಲ್ಲ. ಮದರಾಸಿನ ನಿಸರ್ಗಪ್ರೇಮಿ ಎಂ. ಕೃಷ್ಣನ್ (1912–1996) ಬೇರೆ ಬೇರೆ ಕ್ಯಾಮೆರಾಗಳ ಭಾಗಗಳನ್ನು ಸೇರಿಸಿ ತಾವೇ ಒಂದು ಕ್ಯಾಮೆರಾ ಮಾಡಿಕೊಂಡಿದ್ದರು. ಅದಕ್ಕೆ 'ಸೂಪರ್ ಪಾಂಡರೋಸಾ' ಎಂಬ ಹೆಸರು. ಕಾಡಾನೆಗಳ ಬದುಕನ್ನು ಅವರು ಕಪ್ಪು-ಬಿಳುಪಿನಲ್ಲೇ ದಾಖಲಿಸಿದರು. ಆನೆ ಮುಂದೇನು ಮಾಡಬಹುದು ಎಂದು ಬಲ್ಲವರಾಗಿದ್ದುದೇ ಅವರ ದೊಡ್ಡ ಬಂಡವಾಳ.

ತಪ್ಪು ಕಲ್ಪನೆ: ನಿಸರ್ಗ ಅಂದರೆ ಕಬಿನಿ, ಇಲ್ಲವೇ ಆಫ್ರಿಕಾ

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಜೆರಿಕೊ ಎಂಬ ಊರಿದೆ. ಅಲ್ಲಿನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಒಂದು ಹರಳಿನ ಚಿತ್ರ ತೆಗೆದ. ಹಿಮ ಕರಗುವುದರೊಳಗೆ ಕೆಲಸ ಮುಗಿಯಬೇಕು. ಹರಳನ್ನು ಹಕ್ಕಿಯ ಗರಿಯಿಂದ ಮೆಲ್ಲಗೆ ಸರಿಸಿ ಗಾಜಿಗೆ ಒತ್ತಿ, ಚಳಿಯಲ್ಲೇ ನಿಂತು ಚಿತ್ರ ತೆಗೆಯುತ್ತಿದ್ದ. 1931ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಂಥ 5,000ಕ್ಕೂ ಹೆಚ್ಚು ಚಿತ್ರಗಳಾಗಿದ್ದವು. ಅಷ್ಟೂ ಅವನ ಊರಿನ ಮೇಲೆ ಬಿದ್ದ ಹಿಮವೇ. ಬೆಂಟ್ಲಿ ಹುಟ್ಟಿದ 1865ರಲ್ಲೇ ಜರ್ಮನಿಯಲ್ಲಿ ಹುಟ್ಟಿದ ಕಾರ್ಲ್ ಬ್ಲಾಸ್‌ಫೆಲ್ಟ್ ಬರ್ಲಿನ್ನಿನಲ್ಲಿ ಕಲೆಯ ಮೇಷ್ಟ್ರು. ಜರೀಗಿಡದ ಸುರುಳಿ, ಮೊಗ್ಗು, ಕಾಂಡ, ಬೀಜದ ಕೋಶ ಇವನ್ನೇ ಮೂವತ್ತು ಪಟ್ಟಿನವರೆಗೆ ಹಿಗ್ಗಿಸಿ, ವಿದ್ಯಾರ್ಥಿಗಳಿಗೆ ಪಾಠ ಹೇಳಲೆಂದು ಚಿತ್ರ ತೆಗೆದವರು. ಅವು 1928ರಲ್ಲಿ ಪುಸ್ತಕವಾಗಿ ಬಂದಾಗ ಅವರಿಗೆ ಅರವತ್ತು ದಾಟಿತ್ತು. ಜಗತ್ತು ಅವರ ಹೆಸರು ಕೇಳಿದ್ದು ಆಗಲೇ.

ನಮ್ಮಲ್ಲಿ ತೇಜಸ್ವಿಯವರನ್ನೇ ನೋಡಿ. ಮೂಡಿಗೆರೆಯ ತೋಟದ ಸುತ್ತಮುತ್ತ ಕೂತು ಹಕ್ಕಿಗಳ ಚಿತ್ರ ತೆಗೆದರು, ಹಕ್ಕಿಗಳ ಬಗ್ಗೆ ಬರೆದರು. ಕನ್ನಡದಲ್ಲಿ ಎಷ್ಟೋ ಮಂದಿ ಹಕ್ಕಿಯನ್ನು ಹೆಸರು ಹಿಡಿದು ಕರೆಯಲು ಕಲಿತದ್ದು ಅವರಿಂದ.

ತಪ್ಪು ಕಲ್ಪನೆ: ಮೊದಲು ಸ್ಫೂರ್ತಿ ಬರಬೇಕು, ಆಮೇಲೆ ಚಿತ್ರ

ಇದನ್ನು ನಾನೂ ಬಹಳ ಕಾಲ ನಂಬಿದ್ದೆ. ಕುಕ್ಕರಹಳ್ಳಿಯಲ್ಲಿ ಮೊದಲ ವರ್ಷ ತೆಗೆದ ಹೆಜ್ಜಾರ್ಲೆಗಳೆಲ್ಲ ಎಲ್ಲರೂ ತೆಗೆಯುವ ಹೆಜ್ಜಾರ್ಲೆಗಳೇ: ನೀರಿನ ಮೇಲೆ ತೇಲುವುದು, ರೆಕ್ಕೆ ಬಿಚ್ಚಿ ಇಳಿಯುವುದು. ಎರಡನೆಯ ವರ್ಷ ಬೇಸರ ಬಂತು. ಈ ಕೆರೆಯಲ್ಲಿ ಇನ್ನೇನೂ ಉಳಿದಿಲ್ಲ ಅನ್ನಿಸಿತು.

ಒಂದು ದಿನ ಮೆಮೊರಿ ಕಾರ್ಡ್ ಮನೆಯಲ್ಲೇ ಉಳಿದಿತ್ತು. ಬಂದಾಗಿದೆ, ಇರಲಿ ಎಂದು ಸುಮ್ಮನೆ ಕೂತೆ. ಎದುರಿಗೆ ಸೂರ್ಯ, ನಡುವೆ ಒಣಮರದ ಕೊಂಬೆಯ ಮೇಲೆ ಒಂದು ಹೆಜ್ಜಾರ್ಲೆ. ಅದು ಕತ್ತು ಮೇಲೆತ್ತಿ ಬಾಯಿ ಅಗಲಿಸಿತು. ಕೊಕ್ಕಿನ ಕೆಳಗಿನ ತೆಳು ಚರ್ಮದ ಚೀಲದೊಳಗೆ ಬಿಸಿಲು ತೂರಿ, ದೀಪ ಹಚ್ಚಿದ ಕಾಗದದ ಬುಟ್ಟಿಯ ಹಾಗೆ ಬೆಳಗಿತು. ಅದರೊಳಗಿನ ರಕ್ತನಾಳಗಳು ಕೂಡ ಗೀರುಗೀರಾಗಿ ಕಂಡವು. ಎರಡು ಸೆಕೆಂಡು ಅಷ್ಟೇ.

ಆ ಎರಡು ಸೆಕೆಂಡಿನ ಚಿತ್ರಕ್ಕೆ ಮುಂದೆ ಮೂರು ವಾರ ಹಿಡಿಯಿತು. ಸೂರ್ಯ ಎಷ್ಟು ಎತ್ತರದಲ್ಲಿದ್ದಾಗ ಬೆಳಕು ಸರಿಯಾಗಿ ತೂರುತ್ತದೆ, ಹಕ್ಕಿ ಯಾವ ಕಡೆ ಮುಖ ಮಾಡಿರಬೇಕು ಎಂದು ದಿನವೂ ಬರೆದುಕೊಂಡೆ. ಎಕ್ಸ್‌ಪೋಷರನ್ನು ಒಂದೂವರೆ ಸ್ಟಾಪ್ ತಗ್ಗಿಸಿದಾಗ ಮೈಯೆಲ್ಲ ಕಪ್ಪು ನೆರಳಾಗಿ ಚೀಲವೊಂದೇ ಉರಿಯುತ್ತದೆ ಎಂದು ತಿಳಿಯಿತು. ಅಲ್ಲಿ ಕೂತಷ್ಟೂ ಬೇರೆ ಸಂಗತಿಗಳೂ ಕಾಣತೊಡಗಿದವು. ನೆಲ ಕಾದು ಗಾಳಿ ಮೇಲೇಳುವವರೆಗೆ ಹೆಜ್ಜಾರ್ಲೆಗಳು ಹೆಚ್ಚು ಎತ್ತರ ಏರುವುದಿಲ್ಲ. ಬಿಸಿಲೇರಿದ ಮೇಲೆ ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೆ ಹೋಗುತ್ತವೆ. ಹಾವಕ್ಕಿ ನೀರಿನಿಂದೆದ್ದು ರೆಕ್ಕೆ ಹರವಿ ಕೂತರೆ ಬೇಗ ಹಾರುವುದಿಲ್ಲ, ಅದರ ಗರಿ ನೀರು ಕುಡಿದಿರುತ್ತದೆ, ಒಣಗಬೇಕು. ಇಷ್ಟು ತಿಳಿದವನಿಗೆ ಕ್ಯಾಮೆರಾ ಎತ್ತುವ ಸಮಯ ತಾನಾಗಿ ತಿಳಿಯುತ್ತದೆ. ಸ್ಫೂರ್ತಿ ನನಗೆ ಬಂದದ್ದು ಪರಿಚಯ ಬೆಳೆದ ಮೇಲೆ. ಅದಕ್ಕೆ ಮೊದಲು ಬಂದದ್ದೆಲ್ಲ ಬರೀ ಉತ್ಸಾಹ, ಅದು ಒಂದು ವರ್ಷಕ್ಕೆ ಮುಗಿಯಿತು.

ತಪ್ಪು ಕಲ್ಪನೆ: ಸೂರ್ಯೋದಯ, ಸೂರ್ಯಾಸ್ತ ಬಿಟ್ಟರೆ ಬೆಳಕೇ ಇಲ್ಲ

ಹೊಂಬಿಸಿಲು ಚೆಂದ, ಆದರೆ ಅದು ಎಲ್ಲಕ್ಕೂ ಹೊಂದುವುದಿಲ್ಲ. ಮಲೆನಾಡಿನ ಆಷಾಢದ ಮೋಡ ಇಡೀ ಆಕಾಶವನ್ನೇ ಒಂದು ಮೆತ್ತನೆಯ ದೀಪವನ್ನಾಗಿ ಮಾಡುತ್ತದೆ. ಕಾಡಿನೊಳಗಿನ ಪಾಚಿ, ಅಣಬೆ, ಕಪ್ಪೆಗಳಿಗೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಒದ್ದೆ ಎಲೆ ಹೊಳೆದು ಹಸಿರು ಮಾಸಿದಂತೆ ಕಂಡರೆ ಪೋಲರೈಸರ್ ಫಿಲ್ಟರನ್ನು ತಿರುಗಿಸಿ ನೋಡಿ, ಹೊಳಪು ಇಳಿದು ಬಣ್ಣ ಎದ್ದು ಬರುತ್ತದೆ. ನಡುಹಗಲಿನ ಸೂರ್ಯನ ಕೆಳಗೆ ನಿಂತು ತೇಗದ ಎಲೆಯನ್ನು ಕೆಳಗಿನಿಂದ ನೋಡಿದರೆ ಅದರ ನರಗಳ ಜಾಲ ಸ್ಪಷ್ಟವಾಗಿ ಕಾಣುತ್ತದೆ. ಮೊಬೈಲಿನಲ್ಲೇ ತೆಗೆಯಬಹುದಾದ ಚಿತ್ರ ಅದು.

ತಪ್ಪು ಕಲ್ಪನೆ: ತಿದ್ದಿದ ಚಿತ್ರವೆಲ್ಲ ಸುಳ್ಳು

ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1927ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯೆದುರು ನಿಂತಾಗ ಅವರ ಬಳಿ ಉಳಿದಿದ್ದದ್ದು ಎರಡೇ ಗಾಜಿನ ಪ್ಲೇಟು. ಮೊದಲನೆಯದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ತಮ್ಮ ಮನಸ್ಸಿನಲ್ಲಿದ್ದ ಗಾಂಭೀರ್ಯ ಅದರಲ್ಲಿ ಬರುವುದಿಲ್ಲ ಅನ್ನಿಸಿ, ಎರಡನೆಯದಕ್ಕೆ ಕಡುಗೆಂಪು ಫಿಲ್ಟರ್ ಹಾಕಿದರು. ಆಕಾಶ ಕಪ್ಪಾಯಿತು, ಬಂಡೆ ಎದ್ದು ನಿಂತಿತು. ಕಣ್ಣಿಗೆ ಆಕಾಶ ಹಾಗೆ ಕಂಡಿರಲಿಲ್ಲ, ಆದರೂ ಆ ಚಿತ್ರವನ್ನು ಯಾರೂ ಸುಳ್ಳೆನ್ನುವುದಿಲ್ಲ. ಬೆಳಕು, ಛಾಯೆ, ಚೌಕಟ್ಟು ತಿದ್ದುವುದು ಹೇಳುವ ಬಗೆಗೆ ಸೇರಿದ್ದು. ಇಲ್ಲದ್ದನ್ನು ಇದೆ ಎನ್ನುವುದು ಮೋಸ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2009ರ ಮೊದಲ ಬಹುಮಾನ ಗೆದ್ದದ್ದು ಗೇಟು ಹಾರುವ ತೋಳದ ಚಿತ್ರ. ಅದು ಪಳಗಿಸಿದ ತೋಳ ಇರಬೇಕೆಂದು ತೀರ್ಪುಗಾರರು ನಿರ್ಧರಿಸಿ, ಮರುವರ್ಷ ಜನವರಿಯಲ್ಲಿ ಬಹುಮಾನ ಹಿಂಪಡೆದರು. ಅಲ್ಲಿ ಯಾರೂ ಫೋಟೊಶಾಪ್ ಮುಟ್ಟಿರಲಿಲ್ಲ.

ತಪ್ಪು ಕಲ್ಪನೆ: ಹತ್ತಿರ ಹೋದಷ್ಟೂ ಚಿತ್ರ ಚೆನ್ನಾಗಿರುತ್ತದೆ, ಹಕ್ಕಿಗೇನೂ ಆಗುವುದಿಲ್ಲ

ಆಗುತ್ತದೆ. ಗೂಡಿನ ಬಳಿ ಮನುಷ್ಯ ನಿಂತರೆ ತಾಯಿಹಕ್ಕಿ ಎದ್ದು ಹೋಗುತ್ತದೆ. ಬಿಸಿಲಿಗೆ ಮೊಟ್ಟೆ ಹಾಳಾಗುತ್ತದೆ, ಮರಿ ಬಾಡುತ್ತದೆ. ಅಡ್ಡಬಂತೆಂದು ನಾವು ಸರಿಸಿದ ಎಲೆಯ ಸಂದಿಯಿಂದ ಕಾಗೆ ಗೂಡು ಕಂಡುಕೊಳ್ಳುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆದರೆ, ಎದುರಾಳಿ ಬಂದನೆಂದು ತಿಳಿದು ಅದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ಹಾಗೆ ಸಿಕ್ಕ ಚಿತ್ರ ಎಷ್ಟೇ ಸೊಗಸಾಗಿರಲಿ, ನಾನು ಅದನ್ನು ಒಳ್ಳೆಯ ಚಿತ್ರ ಎನ್ನಲಾರೆ. ಹಕ್ಕಿ ಚೌಕಟ್ಟಿನ ಮೂಲೆಯಲ್ಲಿ ಪುಟ್ಟದಾಗಿದ್ದರೂ, ಅದರ ಸುತ್ತ ಕೆರೆ, ಜೊಂಡು, ಮಂಜು ಇದ್ದರೆ ಅದು ಎಲ್ಲಿ ಹೇಗೆ ಬದುಕುತ್ತಿದೆ ಎಂಬುದು ನೋಡುವವರಿಗೆ ತಿಳಿಯುತ್ತದೆ.

ನಿಮ್ಮೂರಲ್ಲೂ ಒಂದು ಕೆರೆಯೋ ಗೋಮಾಳವೋ ಹಳೆಯ ಆಲದ ಮರವೋ ಇದ್ದೇ ಇರುತ್ತದೆ. ನಾಳೆ ಬೆಳಗ್ಗೆ ಆರಕ್ಕೆ ಅಲ್ಲಿಗೆ ಹೋಗಿ. ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ.